ಮೆಹ್ರಾಲಿಗೆ ಹಿಂದೆಯೇ ದಡಾರ ಬಂದಿತ್ತು

ಗಿರ್ದುಕಾನ್ ಊರಿನವರು ಮಾತಿಗೆ ಹೆದರುವ ಜನರಲ್ಲ. ಕಳ್ಳನನ್ನು ಮುಖದ ಮೇಲೆಯೇ ಕಳ್ಳ ಅನ್ನುತ್ತಾರೆ, ಮಸೀದಿಯ ಮುಲ್ಲಾ ಪ್ರಾರ್ಥನೆ ಉದ್ದ ಎಳೆದರೆ ಹಿಂದಿನ ಸಾಲಿನಿಂದಲೇ ಕೆಮ್ಮಿ ಎಬ್ಬಿಸುತ್ತಾರೆ. ಅಂಥ ಬಾಯಿಬಡುಕರ ಊರಿನಲ್ಲೂ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ತೂಬಾಳ ಮಗ ಮೆಹ್ರಾಲಿಯ ಮಾತು ಬಂದಾಗ "ಯಾವ ಮೆಹ್ರಾಲಿ?" ಅನ್ನುವ ಹಾಗಿರಲಿಲ್ಲ.

ಯಾಕೆಂದರೆ ಇಬ್ಬರಿದ್ದರು. ಮೊದಲನೆಯವನು ಎರಡೂವರೆ ವರ್ಷದ ಕೂಸು. ಒಂದು ಚಳಿಗಾಲದಲ್ಲಿ ದಡಾರ ಬಂದು, ಒಂಬತ್ತು ದಿನ ತಾಯಿಯ ಮಡಿಲಲ್ಲಿ ಜ್ವರಕ್ಕೆ ಬೆಂದು, ಹತ್ತನೆಯ ದಿನ ಹೋಗಿಬಿಟ್ಟ. ಆಗ ಊರಿಗೆ ರಸ್ತೆಯೂ ಇರಲಿಲ್ಲ, ಆರೋಗ್ಯಮನೆಯೂ ಇರಲಿಲ್ಲ. ಹಿಮ ಕಣಿವೆಯ ಬಾಯಿ ಮುಚ್ಚಿತ್ತು. ಸಾವು ಬರೆಸಬೇಕಾದರೆ ಹೇಸರಗತ್ತೆಯ ಮೇಲೆ ಎರಡು ದಿನದ ದಾರಿ. ಯಾರು ಹೋಗುತ್ತಾರೆ? ಯಾರೂ ಹೋಗಲಿಲ್ಲ. ಮುಂದಿನ ವರ್ಷ ತೂಬಾ ಮತ್ತೊಂದು ಗಂಡು ಹೆತ್ತಳು. ಗಂಡ ನಜಫ್‌ಗುಲಿ ಪೆಟ್ಟಿಗೆಯಿಂದ ಸತ್ತ ಕೂಸಿನ ಸರ್ಕಾರಿ ಗುರುತಿನ ಪುಸ್ತಕ ತೆಗೆದು, "ಪುಸ್ತಕ ಮನೇಲೇ ಇದೆ, ಹೆಸರೂ ಅದರಲ್ಲೇ ಇದೆ, ಇನ್ನೊಂದಕ್ಕೆ ಯಾಕೆ ಅಲೀಬೇಕು?" ಅಂದ. ಕೂಸು ಅಣ್ಣನ ಹೆಸರಿಗೆ ಹೊಕ್ಕಿತು.

ಇದೇನು ಅವನೊಬ್ಬ ಮಾಡಿದ ಕೆಲಸವಲ್ಲ. ನಮ್ಮ ಬೆಟ್ಟದ ಕಡೆ ಮನೆಗೊಬ್ಬರು ಹೀಗೆ ಸತ್ತವರ ಪುಸ್ತಕದಲ್ಲಿ ಬದುಕಿದವರು ಸಿಗುತ್ತಾರೆ. ಹೋದವನ ಉಳಿದ ಆಯಸ್ಸು ಬಂದವನಿಗೆ ಸೇರುತ್ತದೆ ಅಂತ ನಂಬಿಕೆ. ಆದರೆ ಸೇರಿದ್ದನ್ನು ಬಿಡಿಸಿ ಹೇಳಬಾರದು. "ಆ ಮೊದಲನೆಯವನು" ಅಂತ ಬಾಯಿ ತಪ್ಪಿ ಅಂದರೂ ಮೇಲಿನವನಿಗೆ ನೆನಪಾಗಿ, ಕೊಟ್ಟದ್ದನ್ನು ವಾಪಸ್ ಕೇಳಿಬಿಡುತ್ತಾನಂತೆ. ಅದಕ್ಕೇ ಆ ಕೂಸಿನ ಗೋರಿಗೆ ಹೆಸರಿನ ಕಲ್ಲು ಇಲ್ಲ. ಬದುಕಿರುವ ಮಗನ ಹೆಸರನ್ನು ಗೋರಿಯ ಮೇಲೆ ಕೊರೆಸುವ ತಾಯಿ ಎಲ್ಲಾದರೂ ಉಂಟೆ? ನಾಲ್ಕು ನದಿಗಲ್ಲು ಇಟ್ಟಿದ್ದರು, ಅಷ್ಟೇ.

ಎರಡನೆಯವನು ಪಾಡುಪಟ್ಟ, ಆದರೆ ನಗುತ್ತಲೇ ಪಟ್ಟ. ಪುಸ್ತಕದ ಪ್ರಕಾರ ಅವನಿಗೆ ಯಾವಾಗಲೂ ಮೂರು ವರ್ಷ ಜಾಸ್ತಿ. ನಾಲ್ಕು ವರ್ಷಕ್ಕೇ ಶಾಲೆಗೆ ಹಾಕಿದರು, ಒಂದನೇ ತರಗತಿ ಪೂರ್ತಿ ಮೇಷ್ಟರ ಕೋಟಿನ ಮೇಲೆ ನಿದ್ದೆ ಮಾಡಿ ಮುಗಿಸಿದ. ಹದಿನೈದಕ್ಕೇ ಸೇನೆಯವರು ಎಳೆದುಕೊಂಡು ಹೋದರು. ಮೀಸೆ ಮೂಡಿದ್ದು ಬ್ಯಾರಕ್ಕಿನಲ್ಲಿ. ವಾಪಸ್ ಬಂದು ಒಂದು ನೀಲಿ ಪಿಕಪ್ ಓಡಿಸತೊಡಗಿದ. ದಕ್ಷಿಣದ ಬಂದರಿನಿಂದ ಖರ್ಜೂರ, ನಮ್ಮ ಬೆಟ್ಟದಿಂದ ಅಕ್ರೋಟು, ಹೀಗೆ ಊರೂರು ಸುತ್ತುವ ಕೆಲಸ. ತೂಬಾಳಿಗೆ ಗಂಡನೂ ಹೋದ ಮೇಲೆ ಅವನೇ ಲೋಕ.

ಆರೋಗ್ಯಮನೆಯ ಕೆಶ್ವರ್‌ಗೆ ಇದೆಲ್ಲ ಬೆರಳ ತುದಿಯಲ್ಲಿ ಗೊತ್ತು. ಅವಳು ಅದೇ ಊರಿನ ಮಗಳು. ಮೊದಲ ಮೆಹ್ರಾಲಿ ಸತ್ತಾಗ ಅವಳಿಗೆ ಒಂಬತ್ತು ವರ್ಷ. ನಜಫ್‌ಗುಲಿ ಕೂಸನ್ನು ಮುಂಗೈ ಮೇಲೆ ಮಲಗಿಸಿಕೊಂಡು ಹಿಮದಲ್ಲಿ ನಡೆದದ್ದನ್ನು ಚಾವಣಿಯ ಮೇಲಿಂದ ಕಂಡವಳು. ಎರಡನೆಯವನು ಹುಟ್ಟಿದಾಗ ಬಿಸಿನೀರು ಹೊತ್ತವಳು. ದೊಡ್ಡವಳಾಗಿ ಪಟ್ಟಣದಲ್ಲಿ ಎರಡು ವರ್ಷ ತರಬೇತಿ ಪಡೆದು, ಊರಿನ ಆರೋಗ್ಯದ ಕೆಲಸಕ್ಕೆ ನಿಂತಳು. ಬಸಿರು, ಬಾಣಂತಿ, ಕೂಸಿನ ತೂಕ, ಲಸಿಕೆ, ಬಾವಿಗೆ ಹಾಕುವ ಪುಡಿ ಎಲ್ಲ ಅವಳದೇ. ಕೈಬರಹ ಮುತ್ತು ಪೋಣಿಸಿದ ಹಾಗೆ. ಕೆಲಸದಲ್ಲಿ ಬಲು ಕಟ್ಟುನಿಟ್ಟು. ಊರವರು ಅವಳನ್ನು ಬೆನ್ನ ಹಿಂದೆ "ಸರ್ಕಾರದ ಸೊಸೆ" ಅನ್ನುತ್ತಿದ್ದರು, ಅವಳಿಗೆ ಅದೂ ಗೊತ್ತಿತ್ತು.

ಆ ವರ್ಷ ಚಳಿಗಾಲ ಕಾಲಿಡುವ ಹೊತ್ತಿಗೆ ದೇಶಕ್ಕೆಲ್ಲ ದಡಾರದ ಸೂಜಿ ಬಂತು. ಐದರಿಂದ ಇಪ್ಪತ್ತೈದು ವರ್ಷದವರೆಗೆ ಒಬ್ಬರನ್ನೂ ಬಿಡದೆ ಚುಚ್ಚಬೇಕೆಂದು ಅಪ್ಪಣೆ. ಗಿರ್ದುಕಾನ್‌ಗೆ ಎರಡೇ ದಿನ. ಪಟ್ಟಣದ ಮೇಲ್ವಿಚಾರಕ ಎಜ್ಜತಿ ಸಾಹೇಬರು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು, ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿ ಚಹಾ ಹೀರುತ್ತ, ಖಾಲಿಯಾದ ಸೀಸೆಗಳ ಮೇಲೆ ಕಣ್ಣಿಟ್ಟು ಕೂತಿದ್ದರು. ಹಿಂದಿನ ವರ್ಷ ಪೋಲಿಯೊ ಹನಿಯಲ್ಲಿ ಒಂದು ಸೀಸೆ ತಾಳೆಯಾಗದೆ ಅವರು ಕೆಶ್ವರ್‌ಳನ್ನು ಎಂಟು ಊರಿನ ಕೆಲಸಗಾರರ ಎದುರು ನಿಲ್ಲಿಸಿ ಬೈದಿದ್ದರು. ಆ ಉರಿ ಅವಳಿಗೆ ಇನ್ನೂ ಆರಿರಲಿಲ್ಲ.

ಸಾಲಿನಲ್ಲಿ ಮೆಹ್ರಾಲಿಯೂ ಬಂದ. ತೋಳು ಏರಿಸಿಕೊಂಡೇ ಬಂದ.

"ಅಕ್ಕ, ಸ್ವಲ್ಪ ಮೆತ್ತಗೆ ಚುಚ್ಚು. ಮದುವೆಗೆ ಬಂದಿರೋ ತೋಳು ಇದು."

"ತೋಳು ಮಾತ್ರ ಬಂದಿದೆ ಕಣೋ, ಹುಡುಗಿ ಎಲ್ಲಿ?" ಅಂದಳು ಕೆಶ್ವರ್. ಸಾಲು ಘೊಳ್ಳೆಂದಿತು.

ನಗುತ್ತಲೇ ಪುಸ್ತಕ ಬಿಡಿಸಿದಳು. ಹುಟ್ಟಿದ ವರ್ಷ ನೋಡಿದಳು. ನಗು ನಿಂತಿತು.

"ಇಪ್ಪತ್ತೇಳು. ನಿನಗಿಲ್ಲಪ್ಪ. ಮುಂದೆ ನಡಿ."

"ಅಯ್ಯೋ! ಆ ಪುಸ್ತಕದ ಮಾತು ಕೇಳ್ತೀಯಲ್ಲಕ್ಕ! ಅದು ನನ್ನನ್ನ ಹಾಲ್ಹಲ್ಲಿರುವಾಗಲೇ ಬಂದೂಕು ಹೊರೋಕೆ ಕಳಿಸಿದ್ದು. ನನಗೆ ಇಪ್ಪತ್ನಾಲ್ಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಸಿನೀರು ಹೊತ್ತಿದ್ದು ನೀನೇ ಅಲ್ವಾ?"

ಸಾಲಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಇವನೇ ಆಡಬಾರದ ಮಾತಿನ ಅಂಚಿಗೆ ಬಂದು ನಿಂತಿದ್ದ. ಅಷ್ಟರಲ್ಲಿ ಹಿಂದಿನಿಂದ ತೂಬಾ ಹೆಂಗಸರನ್ನು ತಳ್ಳಿಕೊಂಡು ಬಂದು ಮಗನ ಮಣಿಕಟ್ಟು ಹಿಡಿದಳು.

"ನಡಿಯೋ ಮನೆಗೆ! ನಿನಗ್ಯಾತರ ಸೂಜಿ? ನಿನಗೆ ದಡಾರ ಬಂದು ಹೋಗಿದೆ. ಒಂಬತ್ತು ದಿನ ನನ್ನ ಮಡಿಲಲ್ಲೇ ಇದ್ದೆ, ಮೈಯೆಲ್ಲ ಕೆಂಡ, ಕಣ್ಣು ಬಿಡಕ್ಕಾಗ್ತಿರಲಿಲ್ಲ. ಏನೇ ಕೆಶ್ವರ್, ಒಂದ್ಸಲ ಬಂದವರಿಗೆ ಇನ್ನೊಂದ್ಸಲ ಬರಲ್ಲ ಅಂತ ನೀನೇ ಅಲ್ವೇನೆ ಹೇಳಿದ್ದು?"

"ಹೌದು ದೊಡ್ಡಮ್ಮ. ಬರಲ್ಲ."

"ಮತ್ತೆ?"

ಮತ್ತೆ ಏನು? "ಯಾರಿಗೆ ಬಂದಿತ್ತು?" ಅಂತ ಕೇಳಬೇಕಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು. ತೂಬಾಳ ಕಣ್ಣು ನೋಡಿದಳು. ಆ ಕಣ್ಣಲ್ಲಿ ಸುಳ್ಳು ಇರಲಿಲ್ಲ ಕಣ್ರಿ, ಮೊರೆ ಇತ್ತು. ಒಲೆಯ ಪಕ್ಕದಿಂದ ಎಜ್ಜತಿ ಸಾಹೇಬರು, "ಏನಮ್ಮ ಅಲ್ಲಿ ಗಲಾಟೆ? ಇಪ್ಪತ್ತೈದು ದಾಟಿದ್ರೆ ಒಂದು ಹನೀನೂ ಇಲ್ಲ, ಸಾಲು ಮುಂದೆ ಹೋಗ್ಲಿ" ಅಂದರು. ಕೆಶ್ವರ್‌ಗೆ ಅದೇ ಸಾಕಾಯಿತು. ಲೆಡ್ಜರಿನಲ್ಲಿ ಆ ಮುತ್ತಿನಂಥ ಅಕ್ಷರದಲ್ಲಿ ಬರೆದಳು: ಮೆಹ್ರಾಲಿ, ವಯಸ್ಸು ಮೀರಿದೆ, ಹಿಂದೆಯೇ ದಡಾರ ಬಂದಿದೆ. ಒಂದು ಸಾಲಿನಲ್ಲಿ ಎರಡು ಮಾತು. ಎರಡೂ ಸತ್ತ ಕೂಸಿನವು.

ಎರಡನೆಯ ದಿನ ಸಂಜೆ ಲೆಕ್ಕ ತೆಗೆದರೆ ಗಿರ್ದುಕಾನ್ ನೂರಕ್ಕೆ ನೂರು. ಎಜ್ಜತಿ ಸಾಹೇಬರು ಮೊದಲ ಸಲ "ಶಭಾಷ್" ಅಂದರು. ಸುಳ್ಳೇಕೆ ಹೇಳಬೇಕು, ಕೆಶ್ವರ್ ಹಿಗ್ಗಿದಳು.

ಮುಂದಿನ ಶರತ್ಕಾಲದಲ್ಲಿ, ಅಕ್ರೋಟು ಬಡಿಯುವ ದಿನಗಳಲ್ಲಿ, ವಿಶ್ವವಿದ್ಯಾಲಯದಿಂದ ಒಬ್ಬ ಡಾಕ್ಟರಮ್ಮ ತಂಪುಪೆಟ್ಟಿಗೆ ಹಿಡಿದು ಬಂದಳು. ಸೂಜಿ ಹಾಕಿಸಿಕೊಂಡ ಹರೆಯದವರ ರಕ್ತದಲ್ಲಿ ದಡಾರಕ್ಕೆ ಕಾವಲು ನಿಂತಿದೆಯೋ ಇಲ್ಲವೋ ನೋಡಬೇಕಂತೆ. ಊರಿನಿಂದ ನಲವತ್ತು ಜನ ಬೇಕು. ಮೂವತ್ತೊಂಬತ್ತು ಜನ ಕೈ ಕೊಟ್ಟರು. ನಲವತ್ತನೆಯ ಹುಡುಗಿ ಕೊಳವೆಯಲ್ಲಿ ರಕ್ತ ಏರುವುದನ್ನು ನೋಡಿ ದುಪ್ಪನೆ ಬಿದ್ದಳು. ಅಂಗಳದಲ್ಲಿ ಪಿಕಪ್ ತೊಳೆಯುತ್ತಿದ್ದ ಮೆಹ್ರಾಲಿ ಒಳಗೆ ಇಣುಕಿ, "ನನ್ನದು ತಗೊಳ್ಳಿ ಡಾಕ್ಟರಮ್ಮ. ಸೂಜಿ ಹಾಕೋವಾಗ ಬೇಡವಾಗಿದ್ದೆ, ರಕ್ತ ತೆಗೆಯೋವಾಗಾದರೂ ಬೇಕಾದೇನು" ಅಂದ. ಅವಳು ಅವನ ಮುಖ ನೋಡಿದಳು, ಇಪ್ಪತ್ತೈದರ ಒಳಗೇ ಅಂದುಕೊಂಡಳು, ಪುಸ್ತಕ ಕೇಳಲಿಲ್ಲ. ಕೆಶ್ವರ್ ಏನೂ ಅನ್ನಲಿಲ್ಲ. ಅವಳಿಗೂ ತಿಳಿಯಬೇಕಿತ್ತು. ಬಾಯಿ ಕೇಳದ್ದನ್ನು ರಕ್ತವೇ ಹೇಳಲಿ ಅಂತ ಕೂತಳು.

ರಕ್ತ ಹೇಳಿತು. ಹಿಮ ಕರಗುವ ಹೊತ್ತಿಗೆ ಕಾಗದ ಬಂತು. ಮೂವತ್ತೊಂಬತ್ತು ಜನರ ರಕ್ತದಲ್ಲಿ ಕಾವಲಿದೆ. ನಲವತ್ತನೆಯದರಲ್ಲಿ ಏನೇನೂ ಇಲ್ಲ. ಕೆಳಗೆ ಡಾಕ್ಟರಮ್ಮ ಕೈಯಲ್ಲೇ ಬರೆದಿದ್ದಳು: "ಈ ವ್ಯಕ್ತಿಗೆ ದಡಾರ ಎಂದೂ ಬಂದಿಲ್ಲ, ಲಸಿಕೆಯೂ ತಾಗಿಲ್ಲ. ದಯವಿಟ್ಟು ಒಂದು ಸೂಜಿ ಹಾಕಿ." ಜೊತೆಗೇ ಪಟ್ಟಣದವರು ಒಂದು ಸೀಸೆಯನ್ನೂ ಕಳಿಸಿದ್ದರು.

ಕೆಶ್ವರ್ ಅಂದೇ ತೂಬಾಳ ಮನೆಗೆ ಹೋದಳು. ಮೆಹ್ರಾಲಿ ಬಂದರಿಗೆ ಹೋಗಿದ್ದ. ತೂಬಾ ಮೊಸರು ತುಂಬಿದ ತೊಗಲಿನ ಚೀಲ ತೂಗಿ ಕಡೆಯುತ್ತಿದ್ದಳು.

"ದೊಡ್ಡಮ್ಮ, ಮೆಹ್ರಾಲಿ ಬಂದ ಕೂಡಲೇ ಕಳಿಸು. ಒಂದು ಸೂಜಿ ಇದೆ."

ತೊಗಲು ನಿಂತಿತು. "ಯಾತರದ್ದೇ?"

"ದಡಾರದ್ದು."

"ಅವನಿಗೆ ಬಂದಿದೆ ಅಂದೆನಲ್ಲ."

"ರಕ್ತದಲ್ಲಿ ಕಾಣಿಸ್ತಿಲ್ಲ ದೊಡ್ಡಮ್ಮ. ಬಂದಿದ್ರೆ ಕಾಣಿಸ್ತಿತ್ತು. ಒಂದ್ಸಲ ಬಂದರೆ ಸಾಯೋತನಕ ಗುರುತು ಉಳಿಯುತ್ತೆ."

"ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ?" ತೂಬಾಳ ದನಿ ಏರಿತು. "ಒಂಬತ್ತು ದಿನ! ಈ ಮಡಿಲಲ್ಲಿ! ನೀರು ಕುಡಿಸಿದ್ರೆ ಮೂಗಲ್ಲಿ ಬರ್ತಿತ್ತು. ಹತ್ತನೇ ದಿನ…"

ಹತ್ತನೆಯ ದಿನದ ಹತ್ತಿರ ಬಂದು ಅವಳ ಬಾಯಿ ಕಟ್ಟಿತು. ಕೆಶ್ವರ್ ಕಾದಳು. ಹೇಳು ದೊಡ್ಡಮ್ಮ, ಹೇಳಿಬಿಡು, ನನ್ನಿಂದ ಕೇಳಿಸಬೇಡ ಅಂತ ಮನಸ್ಸಿನಲ್ಲೇ ಗೋಗರೆದಳು. ತೂಬಾ ಎರಡೂ ಕೈಯಲ್ಲಿ ತೊಗಲನ್ನು ಮತ್ತೆ ತೂಗಿದಳು.

"ಹತ್ತನೇ ದಿನ ಎದ್ದು ಕೂತ" ಅಂದಳು. "ರೊಟ್ಟಿ ಕೇಳಿದ."

ಇದಕ್ಕೆ ಏನನ್ನೋಣ? ಆ ತಾಯಿ ಇಪ್ಪತ್ತಾರು ವರ್ಷ ತನಗೆ ತಾನೇ ಹಾಗೆ ಹೇಳಿಕೊಂಡು ಬದುಕಿದ್ದಳು. ಕೆಶ್ವರ್ ತಲೆ ತಗ್ಗಿಸಿ, ಒಂದು ಬಟ್ಟಲು ಮಜ್ಜಿಗೆ ಕುಡಿದು, "ಅವನು ಬಂದಾಗ ನಾನೇ ಬರ್ತೀನಿ ಬಿಡು" ಅಂದು ಎದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದದ್ದರ ಬಗ್ಗೆ ಯಾವ ಗಾದೆಯೂ ಇಲ್ಲ.

ವಸಂತದ ಹೊಸ ವರ್ಷ ಕಳೆದ ಎರಡನೆಯ ವಾರ ಊರಲ್ಲಿ ಮದುವೆ. ಮೆಹ್ರಾಲಿ ಹಿಂದಿನ ಸಂಜೆಯಷ್ಟೇ ಬಂದಿದ್ದ. ಡೋಲು, ಸೋರ್ನಾ ವಾದ್ಯ, ಕೈ ಕೈ ಹಿಡಿದು ಕುಣಿಯುವ ಸಾಲು. ಸಾಲಿನ ತಲೆಯಲ್ಲಿ ಕರವಸ್ತ್ರ ಬೀಸುತ್ತಿದ್ದವನು ಅವನೇ. ಕೆಶ್ವರ್ ಅಂಚಿನಲ್ಲಿ ನಿಂತು ಕೈ ಬೀಸಿ ಕರೆದಳು. ಬೆವರು ಸುರಿಸುತ್ತ ಬಂದ.

"ಲೇ, ನಿನಗೊಂದು ಸೂಜಿ ಬಾಕಿ ಇದೆ. ಈಗಲೇ ಬಾ, ಎರಡು ನಿಮಿಷ."

"ಅಕ್ಕ, ಕುಣೀತಿರೋ ಗಂಡಸನ್ನ ಎಳ್ಕೊಂಡು ಹೋಗಿ ಸೂಜಿ ಚುಚ್ತೀಯಾ? ನೋಡ್ತಿದ್ದಾರೆ ಹುಡುಗೀರು. ನಾಳೆ ಬೆಳಿಗ್ಗೆ ನಾನೇ ಬರ್ತೀನಿ, ನಿನ್ನ ಚಹಾ ಕುಡಿದು ಚುಚ್ಚಿಸ್ಕೊಂಡು ಹೋಗ್ತೀನಿ."

"ಅವ್ವನ ಮಾತು ಕೇಳ್ಕೊಂಡು ತಪ್ಪಿಸ್ಕೊಬೇಡ."

"ಅವ್ವನಿಗೆ ಹೇಳೋದೇ ಇಲ್ಲ ಬಿಡು" ಅಂದು ಕಣ್ಣು ಹೊಡೆದು ಸಾಲಿಗೆ ಓಡಿದ.

ಅವಳು ಅಲ್ಲೇ ಕಿವಿ ಹಿಂಡಿ ಎಳೆದುಕೊಂಡು ಹೋಗಬೇಕಿತ್ತು. ಅಕ್ಕನ ಜಾಗದಲ್ಲಿದ್ದವಳು, ಯಾರು ತಡೆಯುತ್ತಿದ್ದರು? ಹೋಗಲಿಲ್ಲ. ಬೆಳಿಗ್ಗೆ ಸೂರ್ಯ ಏಳುವ ಮುಂಚೆ ಬಂದರಿನಿಂದ ಕರೆ ಬಂದು, ಸರಕು ಕೊಳೆಯುತ್ತಿದೆಯೆಂದು ಅವನು ಗಾಡಿ ತೆಗೆದಿದ್ದ. ಆರೋಗ್ಯಮನೆಯಲ್ಲಿ ಚಹಾ ಕುದಿದು ಕುದಿದು ಕಪ್ಪಾಯಿತು. ಕೆಶ್ವರ್ ಹನ್ನೊಂದರವರೆಗೆ ಬಾಗಿಲು ನೋಡಿ, ಸೀಸೆಯನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟಳು.

ಇಪ್ಪತ್ತು ದಿನಕ್ಕೆ ಜೊತೆಯ ಡ್ರೈವರೊಬ್ಬ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದ. ಎಲ್ಲಿ ಅಂಟಿತೋ ದೇವರೇ ಬಲ್ಲ. ದಾರಿಯ ಯಾವುದೋ ಚಹಾದಂಗಡಿಯಲ್ಲಿ ಕೆಮ್ಮುವ ಮಗುವೊಂದನ್ನು ಎತ್ತಿ ಆಡಿಸಿದ್ದನಂತೆ, ಇರಬಹುದು, ಮಕ್ಕಳನ್ನು ಕಂಡರೆ ಬಿಡುವವನಲ್ಲ. ಕೆಶ್ವರ್ ಓಡಿಬಂದು ಬಾಯಿ ಬಿಡಿಸಿ ಟಾರ್ಚು ಹಾಕಿದಳು. ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು. ಕಿವಿಯ ಹಿಂದೆ ಕೆಂಪು ಮೂಡಿತ್ತು. ಉಸಿರಾಟ ಸರಿಯಿರಲಿಲ್ಲ. "ದಡಾರ ಇರಬಹುದು" ಅಂತ ಚೀಟಿ ಬರೆದು, ತಾಯಿ ಮಗನನ್ನು ಅದೇ ಗಾಡಿಯಲ್ಲಿ ನಗರದ ಆಸ್ಪತ್ರೆಗೆ ಕಳಿಸಿದಳು. ತಾನು ಹೋಗುವ ಹಾಗಿರಲಿಲ್ಲ. ಅವನನ್ನು ಮುಟ್ಟಿದವರು, ಇಳಿಸಿಕೊಂಡವರು, ಅವರ ಮನೆಯ ಹಸುಗೂಸುಗಳು, ಎಲ್ಲರನ್ನೂ ನೋಡಬೇಕಿತ್ತು.

ಮನೆ ಮನೆ ಸುತ್ತಿದಳು. ಒಬ್ಬರಿಗೂ ಜ್ವರವಿಲ್ಲ. ಅವನನ್ನು ಹೊತ್ತು ಇಳಿಸಿದ ಹುಡುಗರು ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. ಅವಳ ಸೂಜಿ ಅಷ್ಟು ಜನರನ್ನೂ ಕಾದಿತ್ತು, ಕಾಗದದಲ್ಲಿ ಬರೆದ ಹಾಗೆಯೇ. ಅದನ್ನು ಕಂಡು ಹಿಗ್ಗಬೇಕಾದವಳು ಗೋಡೆಗೆ ತಲೆಯಾನಿಸಿ ಅತ್ತಳು.

ಮೂರನೆಯ ದಿನ ಡಾಕ್ಟರಮ್ಮನ ಕಾಗದ ಚೀಲಕ್ಕೆ ಹಾಕಿಕೊಂಡು ನಗರಕ್ಕೆ ಹೋದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ತೂಬಾ ನೆಲದ ಮೇಲೆ ಕೂತಿದ್ದಳು. ಒಬ್ಬ ಎಳೆಯ ಡಾಕ್ಟರು ಕಡತ ಹಿಡಿದು ಓಡಾಡುತ್ತಿದ್ದ. ಕೆಶ್ವರ್ ಅವನನ್ನು ತಡೆದು, "ದಡಾರಕ್ಕೆ ಏನು ಮಾಡ್ತಿದ್ದೀರಿ ಸಾರ್?" ಅಂದಳು.

"ದಡಾರ ಅಲ್ಲಮ್ಮ. ಮೊದಲು ನಾನೂ ಹಾಗೇ ಅಂದ್ಕೊಂಡೆ. ಆದರೆ ಚಿಕ್ಕಂದಿನಲ್ಲೇ ಬಂದಿತ್ತಂತೆ, ತಾಯಿ ಆಣೆ ಮಾಡಿ ಹೇಳಿದ್ರು. ಬೇರೆ ಯಾವುದೋ ಜ್ವರ. ಯಾವುದು ಅಂತ ಹುಡುಕ್ತಿದ್ದೀವಿ. ಶ್ವಾಸಕೋಶ ಎರಡೂ ಕಟ್ಟಿದೆ."

ಎರಡು ದಿನದಿಂದ ಹುಡುಕುತ್ತಿದ್ದರು! ಕೆಶ್ವರ್ ಚೀಲದ ಕಾಗದ ತೆಗೆದು ಕೊಟ್ಟಳು, ಅವನು ಓದಿ, "ಹಾಗಾದ್ರೆ ತಾಯಿ ಹೇಳಿದ್ದು?" ಅಂದ.

ಕೆಶ್ವರ್ ತೂಬಾಳ ಎದುರು ಕೂತಳು. ಮುದುಕಿಯ ಎರಡೂ ಕೈ ಹಿಡಿದಳು. ಡಾಕ್ಟರು ಪಕ್ಕದಲ್ಲೇ ನಿಂತಿದ್ದ. ಅವಳು ಹದಿನಾರು ತಿಂಗಳ ಹಿಂದೆ ಕೇಳಬೇಕಿದ್ದ ಮಾತನ್ನು ಕೇಳಿದಳು.

"ದೊಡ್ಡಮ್ಮ. ದಡಾರ ಬಂದಿದ್ದು ಯಾವ ಮೆಹ್ರಾಲಿಗೆ?"

ತೂಬಾ ಕೈ ಕಿತ್ತುಕೊಂಡಳು. "ಹಾಳಾಗಿ ಹೋಗೇ! ನಿನ್ನ ಬಾಯಿಗೆ ಮಣ್ಣು ಬೀಳ! ಒಳಗೆ ಮಲಗಿದ್ದಾನೆ, ಕೇಳಿಸ್ಕೊತಾನೆ!"

"ಬೈಯಿ. ಹೊಡೀಬೇಕಾದ್ರೆ ಹೊಡಿ. ಆದ್ರೆ ಹೇಳು. ಹತ್ತನೇ ದಿನ ಏನಾಯ್ತು?"

ತೂಬಾ ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದೇ ಇತ್ತು, ಒಳಗಿನ ಯಂತ್ರದ ಸದ್ದು ಹೊರಗೆ ಬರುತ್ತಿತ್ತು.

"ಹೋದ" ಅಂದಳು. "ಬೆಳಗಿನ ಜಾವ ಹೋದ. ಇವನಲ್ಲ ಡಾಕ್ಟ್ರೇ, ಇವನಿಗೆ ಏನೂ ಬಂದಿರ್ಲಿಲ್ಲ. ಬಂದಿದ್ದು ನನ್ನ ಮೊದಲನೇ ಮಗನಿಗೆ. ಅವನು ಸತ್ತ. ನನ್ನ ಮೆಹ್ರಾಲಿ ಸತ್ತುಹೋದ."

ಇಪ್ಪತ್ತಾರು ವರ್ಷ ಒಳಗಿಟ್ಟದ್ದು ಒಂದೇ ಸಲ ಹೊರಬಂತು. ಅವಳು ಎದೆ ಬಡಿದುಕೊಂಡು ಸತ್ತ ಕೂಸನ್ನು ಕೂಗಿ ಅತ್ತಳು. ಬದುಕಿರುವವನ ಹೆಸರು ಹಿಡಿದೇ ಅತ್ತಳು, ಇನ್ಯಾವ ಹೆಸರಿತ್ತು? ಮೊಗಸಾಲೆಯ ಜನರೆಲ್ಲ ಒಳಗಿದ್ದವನು ಹೋದನೆಂದೇ ತಿಳಿದು "ದೇವರು ಸೈರಣೆ ಕೊಡಲಿ" ಅನ್ನತೊಡಗಿದರು.

ಡಾಕ್ಟರು ಮುಖ ಕಪ್ಪಿಟ್ಟು ಒಳಗೆ ಓಡಿದ. ಮೆಹ್ರಾಲಿಯನ್ನು ಬೇರೆ ಕೋಣೆಗೆ ಸಾಗಿಸಿದರು, ಔಷಧಿ ಬದಲಾಯಿಸಿದರು. ಸಂಜೆ ತಾಯಿಯನ್ನೂ ಕೆಶ್ವರ್‌ಳನ್ನೂ ಬಾಯಿಗೆ ಬಟ್ಟೆ ಕಟ್ಟಿಸಿ ಒಳಗೆ ಬಿಟ್ಟರು. ಅವನ ಕಣ್ಣು ಊದಿ ಸೀಳಾಗಿದ್ದವು. ಆಕ್ಸಿಜನ್ ಮುಖವಾಡದೊಳಗಿಂದ ಮಾತು ತುಂಡುತುಂಡಾಗಿ ಬಂತು.

"ಅವ್ವ… ಕೇಳಿಸ್ತು. ನನಗೆ ಮೊದಲೇ ಗೊತ್ತಿತ್ತು."

"ಏನು ಗೊತ್ತಿತ್ತೋ?"

"ಆ ನಾಲ್ಕು ಕಲ್ಲು. ದನ ಹೊಡ್ಕೊಂಡು ಬರೋವಾಗ… ನೀನು ಅಲ್ಲಿ ಯಾವಾಗ್ಲೂ ಚಪ್ಪಲಿ ಸರಿ ಮಾಡ್ಕೊತಿದ್ದೆ. ದಿನಾ ಅಲ್ಲೇ ಯಾಕೆ ಚಪ್ಪಲಿ ಕಳಚುತ್ತೆ ಅಂತ… ಒಂದಿನ ಹೊಳೀತು."

ತೂಬಾ ಹಾಸಿಗೆಯ ಕಂಬಿಗೆ ಹಣೆ ಇಟ್ಟಳು.

"ಅಳಬೇಡ. ಅಣ್ಣನ ಹೆಸರಲ್ಲಿ ಶಾಲೆಗೆ ಹೋದೆ, ಸೇನೇಲಿ ಒದೆ ತಿಂದೆ…" ಅವನು ಉಸಿರಿಗೆ ನಿಂತ. ಮತ್ತೆ ನಗುವ ಹಾಗೆ ಮಾಡಿದ. "ಅವನಿಗೆ ಬಂದ ದಡಾರ ಒಂದು ನನ್ನ ಲೆಕ್ಕಕ್ಕೆ ಬರಲಿಲ್ಲ ನೋಡು ಅಕ್ಕ. ಮೋಸ."

ಕೆಶ್ವರ್ ಅವನ ಹೊದಿಕೆ ಸರಿಮಾಡಿದಳು. "ಆ ಬೆಳಿಗ್ಗೆ ಚಹಾ ಇಟ್ಟು ಕಾದಿದ್ದೆ ಕಣೋ" ಅಂದಳು.

"ಗೊತ್ತು. ಬೈಯ್ತೀಯಾ ಅಂತ… ಹಾರ್ನ್ ಹಾಕದೆ ಹೋದೆ."

ಐದು ದಿನ ಉಳಿದ. ಆರನೆಯ ದಿನ ಮಧ್ಯಾಹ್ನ ಹೋದ. ಎಳೆಯ ಡಾಕ್ಟರು ಒಳ್ಳೆಯ ಮನುಷ್ಯ, ತಪ್ಪಿಸಿಕೊಳ್ಳಲಿಲ್ಲ. "ಮೊದಲ ದಿನವೇ ಗೊತ್ತಾಗಿದ್ದರೆ ಉಳೀತಿದ್ದ ಅಂತ ನಾನು ಹೇಳಲಾರೆ. ಉಳೀತಿರಲಿಲ್ಲ ಅಂತಲೂ ಹೇಳಲಾರೆ. ಆದರೆ ಒಂದು ಸೂಜಿ ಬಿದ್ದಿದ್ದರೆ ಇಲ್ಲಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ" ಅಂದ. ಕೆಶ್ವರ್‌ಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

ಊರಲ್ಲಿ ಮಣ್ಣಾಯಿತು. ಹೆಂಗಸರು ಹೆಗಲಿಗೆ, ತಲೆಗೆ ಕೆಸರು ಬಳಿದುಕೊಂಡು ಮುಖ ಪರಚಿಕೊಂಡರು. ಯಾರೂ ಕೆಶ್ವರ್‌ಳನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವರಿಗೂ ಗೊತ್ತಿತ್ತಲ್ಲ, ಇಡೀ ಊರಿಗೇ ಗೊತ್ತಿತ್ತು. ಸಾಲಿನಲ್ಲಿ ನಿಂತ ಒಬ್ಬನಾದರೂ ಅಂದು ಬಾಯಿ ಬಿಟ್ಟಿದ್ದನೆ?

ಏಳನೆಯ ದಿನದ ಕರ್ಮ ಮುಗಿದ ಮಾರನೆಯ ದಿನ ತೂಬಾ ತಾನಾಗಿ ಆರೋಗ್ಯಮನೆಗೆ ಬಂದಳು. ಗೋಡೆಯ ಮೇಲೆ ಚಕ್ರದ ಹಾಗಿರುವ ಒಂದು ದೊಡ್ಡ ಕಾಗದವಿರುತ್ತದೆ. ಊರಲ್ಲಿ ಆ ವರ್ಷ ಹುಟ್ಟಿದವರಿಗೂ ಸತ್ತವರಿಗೂ ಅವರವರ ವಯಸ್ಸಿನ ಮನೆಯಲ್ಲಿ ಒಂದೊಂದು ಚುಕ್ಕೆ ಇಡುತ್ತಾರೆ. ಕೆಶ್ವರ್ ಹಿಂದಿನ ದಿನವಷ್ಟೇ ಅದರಲ್ಲಿ ಕೆಂಪು ಚುಕ್ಕೆ ಇಟ್ಟಿದ್ದಳು.

"ಬರೆದ್ಯಾ?" ಅಂದಳು ತೂಬಾ.

"ಬರೆದೆ ದೊಡ್ಡಮ್ಮ."

"ಯಾವ ಲೆಕ್ಕದಲ್ಲಿ?"

"ಇಪ್ಪತ್ತೈದು. ಪುಸ್ತಕದ್ದಲ್ಲ. ಅವನ ವಯಸ್ಸೇ ಬರೆದೆ."

ಮುದುಕಿ ಕಾಗದದ ಹತ್ತಿರ ಹೋಗಿ ಆ ಚುಕ್ಕೆಯ ಮೇಲೆ ಬೆರಳಿಟ್ಟಳು.

"ಒಂದೇ ಇದೆಯಲ್ಲೇ" ಅಂದಳು. "ನನಗೆ ಇಬ್ಬರು ಹೋದರು. ಗುರುತಿನ ಪುಸ್ತಕದ ಕಚೇರಿಯವನೂ ಹೀಗೇ ಅಂದ. ಪುಸ್ತಕ ಒಂದು, ಅದಕ್ಕೆ ಸಾವೂ ಒಂದೇ ಅಂತೆ. ಮೊದಲನೆಯವನು ಎಲ್ಲೂ ಇಲ್ಲ ಕೆಶ್ವರ್. ಎರಡೂವರೆ ವರ್ಷ ನನ್ನ ಹಾಲು ಕುಡಿದ. ಅವನು ಎಲ್ಲೂ ಇಲ್ಲ."

ಆ ಕಾಗದ ಈ ವರ್ಷದ್ದು. ಹಳೆಯ ಸಾವನ್ನು ಅದರಲ್ಲಿ ಬರೆಯುವ ಹಾಗಿಲ್ಲ. ನಿಯಮ ಅಂದರೆ ಪ್ರಾಣ ಬಿಡುವ ಕೆಶ್ವರ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಅವಳು ಕೆಂಪು ಪೆನ್ನು ತೆಗೆದಳು. ಐದು ವರ್ಷದೊಳಗಿನ ಮಕ್ಕಳ ಮನೆಯಲ್ಲಿ, ಹಲವು ವರ್ಷದಿಂದ ಖಾಲಿಯಿದ್ದ ಆ ಮನೆಯಲ್ಲಿ, ಒಂದು ಚುಕ್ಕೆ ಇಟ್ಟಳು. ಸಾವಿನ ಲೆಡ್ಜರಿನಲ್ಲಿ ಹಿಂದಿನ ದಿನ ಬರೆದ ಎರಡನೆಯವನ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದಳು: ಮೆಹ್ರಾಲಿ, ನಜಫ್‌ಗುಲಿ ಮತ್ತು ತೂಬಾಳ ಮಗ, ಎರಡೂವರೆ ವರ್ಷ, ದಡಾರ. ತೂಬಾಳಿಗೆ ಓದಲು ಬರುತ್ತಿರಲಿಲ್ಲ. ಎರಡು ಸಲ ಓದಿ ಹೇಳಿಸಿಕೊಂಡಳು.

ತಿಂಗಳ ಕೊನೆಗೆ ಎಜ್ಜತಿ ಸಾಹೇಬರು ತಪಾಸಣೆಗೆ ಬಂದರು. ಕಾಗದವನ್ನೂ ಲೆಡ್ಜರನ್ನೂ ನೋಡಿದವರು ಚಹಾದ ಲೋಟ ಕೆಳಗಿಟ್ಟರು.

"ಇದೇನಮ್ಮ ಇದು? ಐದರೊಳಗಿನ ಮಗು? ದಡಾರದಿಂದ? ನೂರಕ್ಕೆ ನೂರು ಅಂತ ನೀನೇ ಬರೆದುಕೊಟ್ಟಿದ್ದೀಯಲ್ಲ! ಮೇಲಿನವರಿಗೆ ನಾನು ಏನಂತ ಹೇಳಲಿ? ಏನೋ ಕೈತಪ್ಪು, ಅಳಿಸು ಮೊದಲು."

"ಕೈತಪ್ಪಲ್ಲ ಸಾರ್. ಅಳಿಸಲ್ಲ."

"ಮಗು ಸತ್ತಿದ್ದು ಯಾವಾಗ?"

"ಇಪ್ಪತ್ತಾರು ವರ್ಷ ಆಯ್ತು."

ಎಜ್ಜತಿ ಸಾಹೇಬರು ಅವಳಿಗೆ ತಲೆ ಕೆಟ್ಟಿದೆಯೋ ಎಂಬಂತೆ ನೋಡಿದರು. "ಇಪ್ಪತ್ತಾರು ವರ್ಷದ ಸಾವನ್ನ ಈಗ ಬರೀತೀಯಾ?"

"ನನಗೆ ಗೊತ್ತಿತ್ತು ಸಾರ್, ಹೇಳೋದು ತಡ ಮಾಡಿದೆ" ಅಂದಳು ಕೆಶ್ವರ್. "ಅದಕ್ಕೇ ಲೆಡ್ಜರಲ್ಲಿ ಮೇಲಿನ ಸಾಲು, ಅವನ ತಮ್ಮನದ್ದೂ ಬರೀಬೇಕಾಯ್ತು. ತಡ ಮಾಡಿದ್ದು ನಾನು ಅಂತ ನಿಮ್ಮ ವರದೀಲಿ ಹಾಕ್ಕೊಳ್ಳಿ."